ಇಂಡಿಯಾನಾಪೊಲಿಸ್‌ನಲ್ಲಿ ಒಂದು ಡ್ರಮ್ ಕೋರ್ ಆಡಿಷನ್

ಶುಕ್ರವಾರ

ಜನವರಿಯ ಮೂರನೆಯ ಸೋಮವಾರ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸ್ಮರಣೆಯ ರಜೆ. ಅದಕ್ಕೆ ಅಂಟಿಕೊಂಡ ವಾರಾಂತ್ಯದಲ್ಲಿ ಮಗಳನ್ನು ಇಂಡಿಯಾನಾಪೊಲಿಸ್‌ನ ಹೊರವಲಯದ ಹೈಸ್ಕೂಲೊಂದಕ್ಕೆ ಕರೆದೊಯ್ಯಬೇಕಿತ್ತು. ಅಲ್ಲಿ ಒಂದು ಡ್ರಮ್ ಕೋರ್‌ನ ಆಯ್ಕೆ ಶಿಬಿರ ನಡೆಯುವುದಿತ್ತು. ಅವಳು ಸ್ನೇರ್ ಡ್ರಮ್‌ಗೆ ಹೆಸರು ಕೊಟ್ಟಿದ್ದಳು. ನವೆಂಬರ್‌ನಲ್ಲಿ ಕಳುಹಿಸಿದ್ದ ವೀಡಿಯೊ ನೋಡಿ ಖುದ್ದಾಗಿ ಬರುವಂತೆ ಅವರೇ ಕರೆದಿದ್ದರು. ಶಿಕಾಗೊ ಪಕ್ಕದ ನೇಪರ್‌ವಿಲ್‌ನ ನಮ್ಮ ಮನೆಯಿಂದ ಅಲ್ಲಿಗೆ ಸುಮಾರು 200 ಮೈಲಿ, ಅಂದರೆ 320 ಕಿಲೋಮೀಟರ್. ಕಾರಿನ ಹಿಂಬದಿಯಲ್ಲಿ ಅವಳ ಸ್ಲೀಪಿಂಗ್ ಬ್ಯಾಗು, ರಬ್ಬರಿನ ಅಭ್ಯಾಸದ ಪ್ಯಾಡು, ಟೇಪು ಸುತ್ತಿದ ನಾಲ್ಕಾರು ಜೊತೆ ಸ್ಟಿಕ್ಕುಗಳು, ಅವಳ ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಗೊಜ್ಜು ಮತ್ತು ಮೊಸರಿನ ಡಬ್ಬಿ ಇದ್ದವು.

ಡ್ರಮ್ ಕೋರ್ ಎಂದರೆ ಬೇಸಿಗೆಯಲ್ಲಿ ಊರೂರು ತಿರುಗುತ್ತ ಫುಟ್‌ಬಾಲ್ ಮೈದಾನಗಳಲ್ಲಿ ಪ್ರದರ್ಶನ ನೀಡುವ ಯುವಕ ಯುವತಿಯರ ವಾದ್ಯಪಡೆ. ಹಿತ್ತಾಳೆ ವಾದ್ಯಗಳು, ತಾಳವಾದ್ಯಗಳು ಮತ್ತು ಬಾವುಟ ಬೀಸುವ ಕಲರ್ ಗಾರ್ಡ್ ಇಷ್ಟೇ ಅದರ ಅಂಗಗಳು. ಶಾಲೆಯ ಬ್ಯಾಂಡಿನಲ್ಲಿರುವ ಕ್ಲಾರಿನೆಟ್, ಫ್ಲೂಟ್‌ಗಳಿಗೆ ಇಲ್ಲಿ ಜಾಗವಿಲ್ಲ. ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ಮೊದಲ ಚಾಂಪಿಯನ್‌ಷಿಪ್ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಸಣ್ಣ ಊರಿನಲ್ಲಿ ನಡೆಯಿತು. 2009ರಿಂದ ಈಚೆಗೆ ಅಂತಿಮ ಸ್ಪರ್ಧೆಯ ನೆಲೆ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಕ್ರೀಡಾಂಗಣ. ಸುಮಾರು 22ನೆಯ ವಯಸ್ಸಿಗೆ ಇದರ ಬಾಗಿಲು ಮುಚ್ಚುತ್ತದೆ. ಕೊನೆಯ ಅವಕಾಶದ ವರ್ಷವನ್ನು ಇಲ್ಲಿನವರು 'ಏಜ್ ಔಟ್' ಎನ್ನುತ್ತಾರೆ. ಆಯ್ಕೆಯಾದವರು ರಾತ್ರಿ ಬಸ್ಸಿನಲ್ಲಿ ಪಯಣಿಸಿ, ಶಾಲೆಗಳ ಜಿಮ್ ನೆಲದ ಮೇಲೆ ಮಲಗಿ, ಬಿಸಿಲಿನಲ್ಲಿ ದಿನವಿಡೀ ಅಭ್ಯಾಸ ಮಾಡುತ್ತಾರೆ. ಅದಕ್ಕಾಗಿ ಹಲವು ಸಾವಿರ ಡಾಲರ್ ಶುಲ್ಕವನ್ನೂ ಅವರೇ ತೆರುತ್ತಾರೆ ಎಂದು ಊರಿನ ನೆಂಟರಿಗೆ ಹೇಳಿದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ.

ಹೆದ್ದಾರಿ 65 ಹಿಡಿದು ದಕ್ಷಿಣಕ್ಕೆ ತಿರುಗುವ ಮೊದಲೇ ಇಂಡಿಯಾನಾ ರಾಜ್ಯದ ಗಡಿ ಸಿಗುತ್ತದೆ. ಆದರೆ ಗಡಿಯಾರ ಬದಲಾಗುವುದು ಅಲ್ಲಲ್ಲ. ರಾಜ್ಯದ ವಾಯವ್ಯ ಮೂಲೆಯ ಕೆಲವು ಕೌಂಟಿಗಳು, ಅಂದರೆ ಜಿಲ್ಲೆಗಳು, ಶಿಕಾಗೊದ ಸಮಯವನ್ನೇ ಪಾಲಿಸುವುದರಿಂದ, ಜಾಸ್ಪರ್ ಕೌಂಟಿ ಮುಗಿದು ವೈಟ್ ಕೌಂಟಿ ಶುರುವಾಗುವಲ್ಲಿ ಫೋನಿನ ಗಡಿಯಾರ ಒಮ್ಮೆಲೇ ಒಂದು ಗಂಟೆ ಮುಂದಕ್ಕೆ ಜಿಗಿಯುತ್ತದೆ. "ಅಯ್ಯೋ, ಒಂದು ಗಂಟೆ ಹೋಯ್ತು ಅಪ್ಪ" ಎಂದು ಮಗಳು ನಿಜವಾಗಿಯೂ ಏನನ್ನೋ ಕಳೆದುಕೊಂಡವಳಂತೆ ಹೇಳಿದಳು. ಆ ಒಂದು ಗಂಟೆಯಲ್ಲಿ ಏನು ಮಾಡುತ್ತಿದ್ದಳೋ ತಿಳಿಯದು. ಮನೆ ಬಿಟ್ಟಾಗಿನಿಂದ ತೊಡೆಯ ಮೇಲೆ ಬೆರಳುಗಳಿಂದ ಒಂದೇ ಪಾಠವನ್ನು ನುಡಿಸುತ್ತ ಕುಳಿತಿದ್ದಳು. ಹೊರಗೆ ಮೆಕ್ಕೆಜೋಳ ಕೊಯ್ದ ಹೊಲಗಳ ಮೇಲೆ ತೆಳುವಾದ ಹಿಮ, ಅದರಾಚೆ ನೂರಾರು ಗಾಳಿಯಂತ್ರಗಳು.

ಲಫಾಯೆಟ್ ಹತ್ತಿರವಾದಾಗ ಅವಳಿಗೆ ಸ್ವಲ್ಪ ಮಾತು ಬಂತು. ನದಿಯಾಚೆಯ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡಿನಲ್ಲಿ ಒಂದು ಬೃಹತ್ ಬೇಸ್ ಡ್ರಮ್ ಇದೆಯೆಂದೂ, ಅದನ್ನು 1921ರಲ್ಲಿ ಇಂಡಿಯಾನಾಪೊಲಿಸ್‌ನ ಲೀಡಿ ಕಂಪನಿ ಮಾಡಿಕೊಟ್ಟಿತೆಂದೂ, ಅದನ್ನು ಗಾಡಿಯ ಮೇಲಿಟ್ಟು ಉರುಳಿಸಿಕೊಂಡು ಹೋಗುತ್ತಾರೆಂದೂ ಹೇಳಿದಳು. ಸಾಗರದ ಕಡೆಯ ನಮ್ಮ ಊರಿನಲ್ಲಿ ಡೊಳ್ಳನ್ನು ಹೆಗಲಿಗೆ ಹಾಕಿಕೊಂಡೇ ಕುಣಿಯಬೇಕು, ಗಾಡಿಯ ಭಾಗ್ಯವಿಲ್ಲ ಎಂದೆ. ಸ್ನೇರ್ ಡ್ರಮ್ಮನ್ನೂ ಹಾಗೆಯೇ ಹೆಗಲಿನಿಂದ ಇಳಿಯುವ ಹಾರ್ನೆಸ್‌ನಲ್ಲಿ ಹೊತ್ತು, ಬೆನ್ನು ನೆಟ್ಟಗಿಟ್ಟು, ಓಡುವಷ್ಟು ವೇಗದಲ್ಲಿ ಪಕ್ಕಕ್ಕೂ ಹಿಂದಕ್ಕೂ ಚಲಿಸುತ್ತ ನುಡಿಸಬೇಕು. ಡೊಳ್ಳಿನವರನ್ನು ನೋಡಿ ಬೆಳೆದ ನನಗೆ ಅವಳ ಈ ಹುಚ್ಚು ಮೊದಲಿನಿಂದಲೂ ವಿಚಿತ್ರವೆನಿಸಿರಲಿಲ್ಲ. ಆದರೆ ಊರಿನ ಡೊಳ್ಳಿನ ತಂಡಕ್ಕೆ ಸೇರಲು ಯಾರೂ ಪರೀಕ್ಷೆ ಬರೆದದ್ದನ್ನು ನಾನು ಕಂಡಿಲ್ಲ.

ಅವಳ ಹೆದರಿಕೆಗೆ ಇತಿಹಾಸವಿತ್ತು. ನೆಲಮಾಳಿಗೆಯಲ್ಲಿ ಒಬ್ಬಳೇ ಇದ್ದಾಗ ನಿಮಿಷಕ್ಕೆ 160 ಮಾತ್ರೆಯ ವೇಗದಲ್ಲಿ ಹಗುರವಾಗಿ ಬರುವ ಪಾಠ, ಶಾಲೆಯ ಬ್ಯಾಂಡ್ ಗುರುಗಳ ಎದುರು ನಿಂತ ಕೂಡಲೇ ಓಡತೊಡಗುತ್ತಿತ್ತು. ಅಡ್ರಿನಲಿನ್ ರಕ್ತಕ್ಕೆ ಸೇರಿದಾಗ ಎದೆಬಡಿತ ಏರುತ್ತದೆ, ಬೆರಳ ತುದಿಗಳು ತಣ್ಣಗಾಗುತ್ತವೆ, ನಿಜವಾದ ವೇಗವೇ ನಿಧಾನವೆಂಬ ಭ್ರಮೆ ಹುಟ್ಟುತ್ತದೆ, ಹೆಬ್ಬೆರಳೂ ತೋರುಬೆರಳೂ ಸ್ಟಿಕ್ಕನ್ನು ಅವಚಿ ಹಿಡಿಯುತ್ತವೆ. ಅವಚಿ ಹಿಡಿದ ಸ್ಟಿಕ್ಕು ಪುಟಿಯುವುದಿಲ್ಲ. ಹೆದರಬೇಡ ಎಂಬ ಉಪದೇಶದಿಂದ ಇದ್ಯಾವುದೂ ಬದಲಾಗದು ಎಂದು ತಿಳಿದೇ ನಾವು ಬೇರೆ ದಾರಿ ಹಿಡಿದಿದ್ದೆವು. ನೆಲಮಾಳಿಗೆಯಿಂದ ಮೇಲಿನ ಮಹಡಿಗೆ ಹಲವು ಬಾರಿ ಓಡಿ ಹತ್ತಿ ಇಳಿದು, ಏದುಸಿರು ಬರುತ್ತಿರುವಾಗಲೇ ಸ್ಟಿಕ್ಕು ಹಿಡಿದು ಪಾಠವನ್ನು ಒಂದೇ ಸಲ ನುಡಿಸುವುದು, ತಪ್ಪಿದರೂ ಮತ್ತೆ ಆರಂಭಿಸದಿರುವುದು. ಡಿಸೆಂಬರ್ ಪೂರ್ತಿ ನಮ್ಮ ಮನೆಯ ಮೆಟ್ಟಿಲುಗಳು ಅದಕ್ಕೆ ಸಾಕ್ಷಿಯಾದವು.

ಕತ್ತಲಾದ ಮೇಲೆ ಶಾಲೆ ತಲುಪಿದೆವು. ಸಾಲಿನಲ್ಲಿ ನಿಂತು ಕಾಗದಪತ್ರ ಕೊಟ್ಟು, ಅಂಗಿಗೆ ಅಂಟಿಸಿಕೊಳ್ಳುವ ಸಂಖ್ಯೆ ಪಡೆದು, ಸ್ಲೀಪಿಂಗ್ ಬ್ಯಾಗನ್ನು ಹೆಗಲಿಗೇರಿಸಿ ಅವಳು ಜಿಮ್ಮಿನೊಳಗೆ ಹೋದಳು. ನಾನು ಹೆದ್ದಾರಿಯ ಪಕ್ಕದ ಮೋಟೆಲ್‌ಗೆ ಹೋದೆ.

ಶನಿವಾರ

ಬೆಳಿಗ್ಗೆ ಎಂಟಕ್ಕೆ ಶಾಲೆಯ ಊಟದ ಕೋಣೆಯಲ್ಲಿ ಪೋಷಕರಿಗೆ ಸಭೆಯಿತ್ತು. ಶುಲ್ಕದ ಕಂತುಗಳು, ವಿಮೆ, ಬೇಸಿಗೆಯ ಪ್ರವಾಸದಲ್ಲಿ ಅಡುಗೆ ಟ್ರಕ್ಕಿಗೆ ಬೇಕಾದ ಸ್ವಯಂಸೇವಕರು, ಹರಿದ ಸಮವಸ್ತ್ರ ಹೊಲಿಯಲು ಬರುವವರು ಎಂದು ಮಾತು ಸಾಗಿತು. ಇನ್ನೂ ಆಯ್ಕೆಯಾಗದ ಮಗಳ ಹೆಸರಿನಲ್ಲಿ ಜುಲೈ ತಿಂಗಳಿನ ಈರುಳ್ಳಿ ಹೆಚ್ಚುವ ಕೆಲಸಕ್ಕೆ ನಾನು ಸಹಿ ಹಾಕುವುದು ಸರಿಯೇ ಎಂದು ಪೆನ್ನು ಹಿಡಿದು ಯೋಚಿಸುತ್ತಿದ್ದಾಗ, ಪಕ್ಕದಲ್ಲಿದ್ದ ಮಹಿಳೆಯೊಬ್ಬರು ನಕ್ಕು, ಹಾಕಿಬಿಡಿ, ಅಳಿಸುವುದು ಸುಲಭ ಎಂದರು. ಒಹಾಯೊದಿಂದ ಬಂದವರು, ಅವರ ಮಗನೂ ಸ್ನೇರ್‌ಗೆ ಬಂದಿದ್ದ. ಅವನಿಗೆ ಇದು ಏಜ್ ಔಟ್ ವರ್ಷ. ಹಿಂದಿನ ಕೆಲವು ಚಳಿಗಾಲಗಳಲ್ಲಿಯೂ ಅವನು ಆಡಿಷನ್‌ಗಳಿಗೆ ಹೋಗಿ ಬರಿಗೈಯಲ್ಲಿ ಮರಳಿದ್ದನಂತೆ.

ಒಳಗೆ ನಡೆದದ್ದನ್ನು ಭಾಗಶಃ ಬಾಗಿಲ ಗಾಜಿನಿಂದ ನೋಡಿದೆ, ಉಳಿದದ್ದನ್ನು ಸಂಜೆ ಮಗಳ ಬಾಯಿಂದ ಕೇಳಿದೆ. ಸ್ನೇರ್‌ಗೆಂದು ಬಂದವರು ನಲವತ್ತರಷ್ಟಿದ್ದರು. ಸಾಲಿನಲ್ಲಿರುವುದು ಒಂಬತ್ತು ಜಾಗ; ಅದರಲ್ಲಿ ಹೆಚ್ಚಿನವು ಕಳೆದ ಬೇಸಿಗೆಯಲ್ಲಿ ಇದೇ ಕೋರ್‌ನಲ್ಲಿದ್ದು ಮರಳಿ ಬಂದವರ ಪಾಲಿಗೆ ಹೋಗುವ ಸಂಭವವಿತ್ತು. ಎಲ್ಲರೂ ಅರ್ಧಚಂದ್ರಾಕಾರದಲ್ಲಿ ನಿಂತು ಒಂದೊಂದು ಕೈಯಲ್ಲಿ ಎಂಟೆಂಟು ಪೆಟ್ಟುಗಳ ಸರಳ ಪಾಠದಿಂದ ಆರಂಭಿಸಿದರು. ನಡುವೆ ನಿಂತ ಸೆಂಟರ್ ಸ್ನೇರ್ ವೇಗ ತೋರಿಸುತ್ತಾನೆ, ಧ್ವನಿವರ್ಧಕಕ್ಕೆ ಜೋಡಿಸಿದ, ಲಯದ ಲೆಕ್ಕ ಹಾಕುವ ಮೆಟ್ರೊನೋಮ್ ಗೋಡೆ ನಡುಗುವಂತೆ ಬಡಿಯುತ್ತದೆ, ಎಲ್ಲರ ಪಾದಗಳೂ ನಿಂತಲ್ಲೇ ಹೆಜ್ಜೆ ಹಾಕುತ್ತಿರುತ್ತವೆ. ಶಿಕ್ಷಕರು ಸಾಲಿನ ಮುಂದೆ ಬಗ್ಗಿ ನಡೆಯುತ್ತ ನೋಡುವುದು ಮುಖವನ್ನಲ್ಲ, ಸ್ಟಿಕ್ಕಿನ ತುದಿ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದನ್ನು. ಮೆದು ಪೆಟ್ಟಿಗೆ ಮೂರು ಅಂಗುಲ, ಒತ್ತಿನ ಪೆಟ್ಟಿಗೆ ಒಂಬತ್ತು ಅಥವಾ ಹನ್ನೆರಡು. ಒಂಬತ್ತು ಜನರ ಹದಿನೆಂಟು ಸ್ಟಿಕ್ಕುಗಳು ಒಂದೇ ಎತ್ತರದಿಂದ ಬಿದ್ದರೆ ಮಾತ್ರ ದೂರದ ಗ್ಯಾಲರಿಗೆ ಒಂದೇ ಡ್ರಮ್ ಕೇಳಿಸುತ್ತದೆ.

ಈ ವಾದ್ಯದ ಚರ್ಮವೂ ಕ್ಷಮೆ ಬಲ್ಲದ್ದಲ್ಲ. ಈಗಿನ ಮಾರ್ಚಿಂಗ್ ಸ್ನೇರ್‌ಗೆ ಗುಂಡು ನಿರೋಧಕ ಉಡುಪಿನಲ್ಲಿ ಬಳಸುವ ಕೆವ್ಲಾರ್ ನಾರಿನ ಹೊದಿಕೆ ಹಾಕಿ, ಮೇಜಿನ ಹಲಗೆಯಷ್ಟು ಗಟ್ಟಿಯಾಗುವವರೆಗೆ ಬಿಗಿಯುತ್ತಾರೆ. ನಾನು ಶಿವಮೊಗ್ಗದಲ್ಲಿ ಓದುತ್ತಿದ್ದಾಗ ಒಂದಷ್ಟು ಕಾಲ ಮೃದಂಗ ಕಲಿತವನು. ಮೃದಂಗದ ಎಡಭಾಗದ ಮೆತ್ತನೆಯ ನಾದದಲ್ಲಿ ಬೆರಳಿನ ಸಣ್ಣ ತಡವರಿಕೆ ಎಲ್ಲೋ ಕರಗಿಹೋಗುತ್ತದೆ. ಕೆವ್ಲಾರ್ ಮೇಲೆ ಪ್ರತಿಯೊಂದು ಪೆಟ್ಟೂ ಬಿಡಿಬಿಡಿಯಾಗಿ, ಒಣದಾಗಿ, ಅಂಚು ಕತ್ತರಿಸಿದಂತೆ ಕೇಳುತ್ತದೆ. ನಡುಗುವ ಕೈಗೆ ಅಡಗಿಕೊಳ್ಳಲು ಅಲ್ಲಿ ಮೂಲೆಯೇ ಇಲ್ಲ.

ಮಧ್ಯಾಹ್ನ ಒಬ್ಬೊಬ್ಬರನ್ನೇ ಕೋಣೆಗೆ ಕರೆದರು. ಹೊರಗೆ ಹಜಾರದಲ್ಲಿ ಸರದಿಗಾಗಿ ಕಾಯುವವರು ಗೋಡೆಗೊರಗಿ ಕುಳಿತಿದ್ದರು. ಒಳಗಿನವರು ನುಡಿಸುವುದು ಹೊರಗಿನವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಯಾವ ದುರುದ್ದೇಶವೂ ಇಲ್ಲದೆ ಹೆದರಿಕೆ ಬೆಳೆಸುವುದಕ್ಕೆ ಇದಕ್ಕಿಂತ ಪರಿಣಾಮಕಾರಿಯಾದ ವ್ಯವಸ್ಥೆ ಇರಲಾರದು. ಮಗಳು ಅಂಗೈಗಳಲ್ಲಿ ಬಿಸಿಯ ಪೊಟ್ಟಣ ಹಿಡಿದು, ಕಿವಿಗೆ ಬೆಂಡು ತುರುಕಿಕೊಂಡು, ತನ್ನ ಪಾಠದ ಮೊದಲ ಎರಡು ಸಾಲನ್ನು ಮನಸ್ಸಿನಲ್ಲೇ ಹಾಡಿಕೊಂಡಳಂತೆ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ದೀರ್ಘವಾಗಿರಬೇಕು ಎಂಬುದನ್ನು ಅವಳು ಮರೆಯಲಿಲ್ಲ. ಹಾರ್ವರ್ಡ್‌ನ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ವೇದಿಕೆಗೆ ಹೋಗುವ ಮುನ್ನ ಶಾಂತವಾಗಿರುತ್ತೇನೆ ಎಂದುಕೊಂಡವರಿಗಿಂತ ನನಗೆ ಉತ್ಸಾಹವಾಗಿದೆ ಎಂದು ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಹಾಡಿದರು, ಚೆನ್ನಾಗಿ ಭಾಷಣ ಮಾಡಿದರು. ಬಡಿಯುವ ಎದೆಯನ್ನು ತಣಿಸುವುದು ಕಷ್ಟ, ಅದಕ್ಕೆ ಬೇರೆ ಹೆಸರಿಡುವುದು ಸುಲಭ ಎಂಬುದು ಅದರ ಹಿಂದಿನ ತರ್ಕ. ಇದನ್ನು ಮನೆಯಲ್ಲಿ ಹೇಳಿದಾಗ ಮಗಳು, "ಅಪ್ಪ, ನನಗೆ ಉತ್ಸಾಹ ಆಗ್ತಿಲ್ಲ, ವಾಂತಿ ಬರೋ ಹಾಗೆ ಆಗ್ತಿದೆ" ಎಂದಿದ್ದಳು. ಸಂಶೋಧನೆಗೂ ಒಂದು ಮಿತಿಯಿದೆ.

ಕಾಯುತ್ತ ಕುಳಿತಿದ್ದಾಗ ನನಗೆ ನೆನಪಾದದ್ದು ಆಕಾಶವಾಣಿಯ ಆಡಿಷನ್. ನನ್ನ ಮೃದಂಗದ ಗುರುಗಳ ಮನೆಯಲ್ಲಿ ಆ ಹೊತ್ತಿನ ಮಾತೆಲ್ಲ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳ ಸುತ್ತಲೇ ಸುತ್ತುತ್ತಿತ್ತು. ಅಲ್ಲಿ ಧ್ವನಿಮುದ್ರಿಕೆ ಕೇಳುವ ತೀರ್ಪುಗಾರರಿಗೆ ಕಲಾವಿದರ ಹೆಸರು ತಿಳಿಯಬಾರದು ಎಂಬುದು ವ್ಯವಸ್ಥೆಯ ಉದ್ದೇಶ. ಅಮೆರಿಕದಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದ 1952ರಷ್ಟು ಹಿಂದೆಯೇ ಪರದೆಯ ಹಿಂದೆ ನುಡಿಸುವ ಪದ್ಧತಿಯನ್ನು ತಂದಿತ್ತು. ಡ್ರಮ್ ಕೋರ್‌ನಲ್ಲಿ ಪರದೆ ಹಾಕುವಂತಿಲ್ಲ, ಏಕೆಂದರೆ ಗದ್ದ, ಹೆಗಲು, ಮೊಣಕೈ, ಪಾದ ಎಲ್ಲವೂ ಅಂಕಕ್ಕೆ ಬರುತ್ತವೆ. ನುಡಿಸುವುದು ಮುಗಿದ ಮೇಲೆ ಐದು ಗಜಕ್ಕೆ ಎಂಟು ಹೆಜ್ಜೆಯ ಲೆಕ್ಕದಲ್ಲಿ, ಅಂದರೆ ಒಂದೊಂದು ಹೆಜ್ಜೆಯೂ 22.5 ಅಂಗುಲ ಬರುವಂತೆ, ಜಿಮ್ಮಿನ ಉದ್ದಕ್ಕೂ ನಡೆಯುವ ಪರೀಕ್ಷೆ ಬೇರೆ. ಹೀಗಾಗಿ ಇಲ್ಲಿ ತಿರಸ್ಕೃತರಾದವರಿಗೆ ನನ್ನ ವಾದನ ಅವರಿಗೆ ಹಿಡಿಸಲಿಲ್ಲ ಎಂದುಕೊಳ್ಳುವ ಅನುಕೂಲವಿಲ್ಲ. ನಾನೇ ಹಿಡಿಸಲಿಲ್ಲ ಎಂದೇ ಅನ್ನಿಸುತ್ತದೆ. ಹದಿನೇಳರ ವಯಸ್ಸಿನಲ್ಲಿ ಆ ವ್ಯತ್ಯಾಸ ದೊಡ್ಡದು.

ಸಂಜೆ ಅರ್ಧ ಗಂಟೆಯ ಬಿಡುವಿನಲ್ಲಿ ಕಾರಿನೊಳಗೆ ಬಂದು ಕುಳಿತು, ಪುಳಿಯೋಗರೆ ತಿನ್ನುತ್ತ ಅವಳು ವರದಿ ಒಪ್ಪಿಸಿದಳು. ಮೊದಲ ನಾಲ್ಕು ಆವರ್ತ ಓಡಿದೆ, ಐದನೆಯದರಲ್ಲಿ ಮೆಟ್ರೊನೋಮ್ ಕೇಳಿಸಿಕೊಂಡು ಹಿಡಿತಕ್ಕೆ ತಂದೆ, ಎಡಗೈ ಬಿಗಿಯಾಗಿತ್ತು, ಆದರೆ ನಿಲ್ಲಿಸಲಿಲ್ಲ ಎಂದಳು. ಮೆಟ್ಟಿಲು ಹತ್ತಿ ಇಳಿದದ್ದು ಸಾರ್ಥಕವಾಯಿತು ಎಂದು ನನಗನಿಸಿತು. ಅವಳಿಗೆ ಓಡಿದ ನಾಲ್ಕು ಆವರ್ತ ಮಾತ್ರ ನೆನಪಿತ್ತು.

ಭಾನುವಾರ

ಮಧ್ಯಾಹ್ನ ಪೋಷಕರನ್ನು ಜಿಮ್ಮಿಗೆ ಬಿಟ್ಟರು. ಶಿಬಿರದಲ್ಲಿ ಕಲಿತದ್ದನ್ನು ಎಲ್ಲ ವಿಭಾಗಗಳೂ ಸೇರಿ ಒಂದು ಸಲ ನುಡಿಸಿ ತೋರಿಸುವ ಸಮಯ. ಹಿತ್ತಾಳೆ ವಾದ್ಯಗಳ ಒಂದೇ ದೀರ್ಘ ಸ್ವರಮೇಳಕ್ಕೆ ಎದೆಗೂಡು ಮಿಡಿಯುವುದನ್ನು ಅಲ್ಲಿ ನಿಂತವರೇ ಅನುಭವಿಸಬೇಕು. ಐದು ಗಾತ್ರದ ಬೇಸ್ ಡ್ರಮ್‌ಗಳನ್ನು ಹೊತ್ತ ಐವರು ಒಂದೇ ಲಯದ ಸಾಲನ್ನು ತುಂಡು ಮಾಡಿ ಹಂಚಿಕೊಂಡು, ಒಬ್ಬರ ಪೆಟ್ಟಿನ ಹಿಂದೆ ಇನ್ನೊಬ್ಬರ ಪೆಟ್ಟು ಕೂಡಿಸುತ್ತ ಹೋಗುವುದನ್ನು ಕೇಳಿದಾಗ, ಕಛೇರಿಯ ತನಿ ಆವರ್ತನದಲ್ಲಿ ಮೃದಂಗವೂ ಘಟವೂ ಸಣ್ಣ ಸಣ್ಣ ಮುಕ್ತಾಯಗಳನ್ನು ಬದಲಾಯಿಸಿಕೊಳ್ಳುವ ಘಟ್ಟ ನೆನಪಾಯಿತು. ಮಗಳು ಸ್ನೇರ್‌ಗಳ ಎರಡನೆಯ ಸಾಲಿನ ತುದಿಯಲ್ಲಿದ್ದಳು. ನಿಂತ ಜಾಗವೇ ಫಲಿತಾಂಶವನ್ನು ಹೇಳುತ್ತಿದೆ ಎಂದು ಪಕ್ಕದ ತಂದೆಯೊಬ್ಬರು ಪಿಸುಗುಟ್ಟಿದರು. ಅವರ ಮಗ ಮೊದಲ ಸಾಲಿನಲ್ಲಿದ್ದ.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ಕೆಲವು ಕಡೆ ಹೆಸರುಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದುಂಟಂತೆ. ಇಲ್ಲಿ ಎದುರು ಕೂರಿಸಿ ಹೇಳುವಷ್ಟು ಸೌಜನ್ಯವಿತ್ತು. ಮಾತು ಐದು ನಿಮಿಷಕ್ಕೂ ಕಡಿಮೆ. ಈ ವರ್ಷ ಸ್ಥಾನವಿಲ್ಲ, ಮುಂದಿನ ವರ್ಷ ಖಂಡಿತ ಬಾ, ಅಲ್ಲಿಯವರೆಗೆ ಇವುಗಳ ಮೇಲೆ ಕೆಲಸ ಮಾಡು ಎಂದು ಒಂದು ಹಾಳೆ ಕೊಟ್ಟರು. ಹೊರಗೆ ಬಂದವಳು ಹಾಳೆಯನ್ನು ನನಗೆ ಕೊಡಲಿಲ್ಲ. ಸ್ಲೀಪಿಂಗ್ ಬ್ಯಾಗನ್ನು ಕಾರಿಗೆ ಹಾಕಿ, ಮುಂದಿನ ಸೀಟಿನಲ್ಲಿ ಕುಳಿತು, ಬೆಲ್ಟು ಹಾಕಿಕೊಂಡು, "ಹೋಗೋಣ" ಎಂದಳು.

ಒಹಾಯೊದ ಹುಡುಗ ಪಾರ್ಕಿಂಗ್ ಜಾಗದಲ್ಲಿ ಹಿಮದ ಮೇಲೆ ನಿಂತಿದ್ದ. ಅವನಿಗೂ ಆಗಿರಲಿಲ್ಲ. ಮುಂದಿನ ವರ್ಷ ಬಾ ಎಂದು ಅವನಿಗೆ ಯಾರೂ ಹೇಳುವಂತಿರಲಿಲ್ಲ. ಅವನೇ ನಮ್ಮ ಕಾರಿನ ಬಳಿ ಬಂದು, ಕಿಟಕಿ ಇಳಿಸಲು ಸನ್ನೆ ಮಾಡಿ, ಮಗಳ ಎಡಗೈ ಹಿಡಿತದ ಬಗ್ಗೆ ಒಂದು ಮಾತು ಹೇಳಿದ: ಒತ್ತಿನ ಪೆಟ್ಟು ಮುಗಿದ ಕೂಡಲೇ ಸ್ಟಿಕ್ಕನ್ನು ತಡೆದು ಕೆಳಗೆ ನಿಲ್ಲಿಸುವುದಕ್ಕೆ ನೀನು ಮಣಿಕಟ್ಟು ಬಳಸುತ್ತಿದ್ದೀಯ, ಹಿಂಬದಿಯ ಬೆರಳು ಬಳಸು. ಬೆಳಿಗ್ಗೆ ಪಕ್ಕದಲ್ಲಿ ನಿಂತಾಗ ಗಮನಿಸಿದ್ದನಂತೆ. ತನ್ನ ಕೊನೆಯ ಆಡಿಷನ್ ಮುಗಿದ ಅರ್ಧ ಗಂಟೆಯಲ್ಲಿ ಅಪರಿಚಿತ ಹುಡುಗಿಯೊಬ್ಬಳ ಬೆರಳಿನ ಬಗ್ಗೆ ಯೋಚಿಸಬಲ್ಲವನನ್ನು ಯಾವ ಅಂಕಪಟ್ಟಿಯಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ.

ಆ ರಾತ್ರಿಯೇ ಮನೆಗೆ ಮರಳುವ ಯೋಚನೆಯಿತ್ತು. ಆದರೆ ಮಿಶಿಗನ್ ಸರೋವರದ ಮೇಲಿಂದ ಬೀಸುವ ಗಾಳಿ ತೇವವನ್ನೆಲ್ಲ ದಂಡೆಯಾಚೆ ಹಿಮವಾಗಿ ಸುರಿಸುವ ಎಚ್ಚರಿಕೆ ಬಂದಿತ್ತು; ಹೆದ್ದಾರಿಯ ಉತ್ತರದ ತುದಿಯಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಮೋಟೆಲ್‌ನಲ್ಲಿಯೇ ಉಳಿದೆವು. ಅಲ್ಲಿ ಅವಳು ಅತ್ತಳು. ನಾನು ಟಿವಿಯ ಸದ್ದು ಅಡಗಿಸಿ, ಮೊಸರನ್ನ ಕಲಸಿದೆ. ಆಗುವುದೆಲ್ಲ ಒಳ್ಳೆಯದಕ್ಕೇ ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂತು, ಆದರೆ ಆಡಲಿಲ್ಲ. ಆ ಮಾತು ಹೇಳುವವನ ಮುಜುಗರ ಕಳೆಯುತ್ತದೆಯೇ ಹೊರತು ಕೇಳುವವರ ನೋವನ್ನಲ್ಲ. ನೀನು ಚೆನ್ನಾಗಿಯೇ ನುಡಿಸಿದೆ, ಅವರಿಗೇ ಗೊತ್ತಾಗಲಿಲ್ಲ ಎನ್ನುವುದು ಇನ್ನೂ ಕೆಟ್ಟದ್ದು. ಏಕೆಂದರೆ ಅವಳಿಗೆ ತಾನು ಎಲ್ಲಿ ಓಡಿದೆ ಎಂದು ಸರಿಯಾಗಿ ತಿಳಿದಿತ್ತು, ಅಪ್ಪನಿಗೆ ಕಿವಿಯಿಲ್ಲ ಎಂದು ಮಾತ್ರ ಅದರಿಂದ ಸಾಬೀತಾಗುತ್ತಿತ್ತು. ಸುಳ್ಳೇಕೆ, ಹಲವು ಸಾವಿರ ಡಾಲರ್ ಉಳಿಯಿತೆಂಬ ಒಂದು ಸಣ್ಣ ಸಮಾಧಾನವೂ ನನ್ನೊಳಗೆ ಸುಳಿಯಿತು. ಅದನ್ನೂ ಹೇಳಲಿಲ್ಲ.

ಒಂಬತ್ತು ಗಂಟೆಯ ಸುಮಾರಿಗೆ ಸಾಗರದಿಂದ ನನ್ನ ಅಮ್ಮನ ವೀಡಿಯೊ ಕರೆ ಬಂತು. ಅಲ್ಲಿ ಸೋಮವಾರದ ಬೆಳಗು.

"ಏನಾಯ್ತೇ ಪುಟ್ಟಿ?"

"ಆಗ್ಲಿಲ್ಲ ಅಜ್ಜಿ."

"ಯಾಕಂತೆ?"

ಸಂಜೆಯಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ಯಾಗಿನಿಂದ ಹಾಳೆ ತೆಗೆದು, ಅದರಲ್ಲಿದ್ದದ್ದನ್ನು ತನಗೆ ಬಂದ ಕನ್ನಡದಲ್ಲಿ ಅಜ್ಜಿಗೆ ವಿವರಿಸಿದಳು. ಎಡಗೈಯ ಮೆದು ಪೆಟ್ಟುಗಳು ಒತ್ತಿನ ನಂತರ ಮೂರು ಅಂಗುಲದಲ್ಲಿ ನಿಲ್ಲದೆ ಮೇಲೇರುತ್ತವೆ. ಏಳು ಮಾತ್ರೆಯ ಭಾಗದಲ್ಲಿ ಪಾದ ಹಿಂದೆ ಬೀಳುತ್ತದೆ. ಬಲಗೈಯ ಜೋಡಿ ಪೆಟ್ಟುಗಳ ಗುಣಮಟ್ಟ ಉತ್ತಮ. ಅಜ್ಜಿಗೆ ಎಷ್ಟು ಅರ್ಥವಾಯಿತೋ, "ಎಡಗೈ ಅಂದ್ರೆ ಎಲ್ಲಾರಿಗೂ ಹಂಗೇಯ" ಎಂದರು. ಮಗಳು ನಗಲಿಲ್ಲ, ಆದರೆ ಮೊಸರನ್ನದ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

ಸೋಮವಾರ

ಬೆಳಿಗ್ಗೆ ಹತ್ತಕ್ಕೆ ರಸ್ತೆ ತೆರವಾಗಿದೆ ಎಂಬ ಸುದ್ದಿ ನೋಡಿ ಹೊರಟೆವು. ಹೆದ್ದಾರಿ 65 ಊರಿನ ನಡುಭಾಗಕ್ಕೆ ತಾಗಿಕೊಂಡೇ ಹೋಗುವುದರಿಂದ ಲೂಕಸ್ ಆಯಿಲ್ ಕ್ರೀಡಾಂಗಣದ ಇಳಿಜಾರು ಚಾವಣಿ ದೂರದಲ್ಲಿ ಕಾಣಿಸಿತು. ಮಗಳು ಫೋನಿನಿಂದ ಕಣ್ಣೆತ್ತಲಿಲ್ಲ. ಫೋನಿನಲ್ಲಿ ಸೇರ್ಪಡೆಯ ಪತ್ರ ಸಿಕ್ಕವರೆಲ್ಲ ಸಮವಸ್ತ್ರದ ಬಣ್ಣದ ಚೌಕಟ್ಟು ಹಾಕಿ ತಮ್ಮ ಚಿತ್ರ ಪ್ರಕಟಿಸುತ್ತಿದ್ದರು. ಲೆಬನನ್ ಎಂಬ ಊರು ದಾಟುವಷ್ಟರಲ್ಲಿ ಇನ್‌ಸ್ಟಾಗ್ರಾಮನ್ನು ಫೋನಿನಿಂದಲೇ ತೆಗೆದುಹಾಕಿ, "ಒಂದು ವಾರ ಅಷ್ಟೇ" ಎಂದಳು. ಮೊದಲ ಸಾಲಿನಲ್ಲಿದ್ದ ಹುಡುಗನಿಗೆ ಅಭಿನಂದನೆಯ ಸಂದೇಶವನ್ನು ಮಾತ್ರ ಅದಕ್ಕೂ ಮುನ್ನ ಕಳುಹಿಸಿದ್ದಳು. ಅಸೂಯೆಯನ್ನು ಗೆಲ್ಲುವುದಕ್ಕಿಂತ ಅದರ ದಾರಿಯಿಂದ ಪಕ್ಕಕ್ಕೆ ಸರಿಯುವುದು ಜಾಣತನ ಎಂದು ನನ್ನ ಅಭಿಪ್ರಾಯ. ಅವಳು ಅದನ್ನು ಯಾರೂ ಹೇಳಿಕೊಡದೆ ಮಾಡಿದಳು.

ಗಾಳಿಯಂತ್ರಗಳು ಮತ್ತೆ ಕಾಣಿಸತೊಡಗಿದ ಮೇಲೆ ಹಾಳೆಯ ಬಗ್ಗೆ ಮಾತು ಬಂತು. ಏಳು ಮಾತ್ರೆಯ ಭಾಗವನ್ನು ಇಲ್ಲಿನವರು ಎರಡು, ಎರಡು, ಮೂರು ಎಂದು ಒಡೆದು ಹೆಜ್ಜೆ ಹಾಕುತ್ತಾರೆ. ಹೀಗೆ ಒಂದು ಆವರ್ತಕ್ಕೆ ಮೂರೇ ಹೆಜ್ಜೆ ಬರುವುದರಿಂದ, ಒಂದು ಆವರ್ತ ಎಡಗಾಲಿನಲ್ಲಿ ಆರಂಭವಾದರೆ ಮುಂದಿನದು ಬಲಗಾಲಿನಲ್ಲಿ ಆರಂಭವಾಗಬೇಕು, ಮೂರನೆಯ ಹೆಜ್ಜೆಗೆ ಪ್ರತಿ ಸಲವೂ ಉಳಿದವುಗಳ ಒಂದೂವರೆ ಪಟ್ಟು ಹೊತ್ತು ಹಿಡಿಯಬೇಕು. ಅವಳ ಕೈಗೆ ಮಿಶ್ರದ, ಅಂದರೆ ಏಳರ ಲೆಕ್ಕ ಗೊತ್ತು, ಚಿಕ್ಕವಳಿದ್ದಾಗಿನಿಂದ ನನ್ನಿಂದ ಕೊನ್ನಕ್ಕೋಲು, ಅಂದರೆ ಬಾಯಲ್ಲಿ ಹೇಳುವ ತಾಳದ ಸೊಲ್ಲು, ಕೇಳಿಸಿಕೊಂಡವಳು. ಕಾಲಿಗೆ ಗೊತ್ತಿಲ್ಲ. ನಾವು ಕುಳಿತು ಹೇಳುವವರು, ಕುಳಿತು ನುಡಿಸುವವರು. ತೊಡೆಯ ಮೇಲೆ ತಾಳ ಹಾಕುತ್ತೇವೆಯೇ ಹೊರತು ತಾಳದ ಮೇಲೆ ನಡೆಯುವುದಿಲ್ಲ. "ತಕ ತಕ ತಕಿಟ" ಎಂದು ಅವಳು ಕಾರಿನ ನೆಲಕ್ಕೆ ಪಾದ ಬಡಿಯುತ್ತ ಹೇಳತೊಡಗಿದಳು, ನಾನು ಸ್ಟಿಯರಿಂಗ್ ಮೇಲೆ ಬೆರಳಿನಲ್ಲಿ ಏಳರ ಲೆಕ್ಕ ಹಾಕಿದೆ. ಮೊದಮೊದಲು ಬಲಗಾಲಿನ ಆರಂಭದಲ್ಲಿ ಪ್ರತಿ ಸಲವೂ ತಪ್ಪುತ್ತಿತ್ತು. ರೆಮಿಂಗ್ಟನ್ ಹತ್ತಿರ ಕಳೆದ ಶುಕ್ರವಾರ ಹೋದ ಒಂದು ಗಂಟೆ ಫೋನಿಗೆ ಮರಳಿ ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ.

ಒಂಬತ್ತು ಜನರ ಸಾಲಿಗೆ ಅವರು ಹುಡುಕುತ್ತಿದ್ದದ್ದು ಅತ್ಯುತ್ತಮ ಒಂಬತ್ತು ಜನರನ್ನಲ್ಲ, ಆಗಲೇ ಇರುವ ಆರೇಳು ಜನರ ಕೈಗೆ ಹೊಂದುವ ಇನ್ನಿಬ್ಬರು ಮೂವರನ್ನು ಎಂಬುದು ನನಗೆ ಆ ಹಾಳೆಯಿಂದ ಸ್ಪಷ್ಟವಾಯಿತು. ಅದರಲ್ಲಿ ಪ್ರತಿಭೆ, ಸ್ವಭಾವ, ಭವಿಷ್ಯ ಇಂಥ ಒಂದು ಮಾತೂ ಇರಲಿಲ್ಲ. ಅಂಗುಲ ಮತ್ತು ಪಾದದ ಮಾತಷ್ಟೇ ಇತ್ತು. ಮಗಳಿಗೂ ಇದು ಕಂಡಿತೆಂದು ಹೇಳಲಾರೆ. ಆದರೆ ಊಟಕ್ಕೆ ನಿಲ್ಲಿಸಿದಲ್ಲಿ ಅವಳು ಹಾಳೆಯ ಹಿಂಬದಿಯಲ್ಲಿ ಕನ್ನಡಿ, ಅಳತೆಪಟ್ಟಿ, ನಿಧಾನ 90 ಎಂದು ಏನನ್ನೋ ಬರೆದುಕೊಳ್ಳುತ್ತಿದ್ದಳು.

ಮಂಗಳವಾರದಿಂದ ಗುರುವಾರ

ಮಂಗಳವಾರ ಶಾಲೆಯಲ್ಲಿ ಎಲ್ಲರೂ ಕೇಳಿದರು. ಆಗಲಿಲ್ಲ ಎಂಬ ಒಂದೇ ಪದವನ್ನು ಇಡೀ ದಿನ ಹೇಳುವುದು ಆಡಿಷನ್‌ಗಿಂತ ದಣಿಸಿತು ಎಂದಳು. ಬುಧವಾರ ಸ್ಟಿಕ್ಕು ಮುಟ್ಟಲಿಲ್ಲ, ನಾವೂ ಕೇಳಲಿಲ್ಲ. ಅವಳ ಅಮ್ಮ ಮಾತ್ರ, ಚಳಿಗಾಲದ ಒಳಾಂಗಣ ಡ್ರಮ್‌ಲೈನ್ ತಂಡಗಳ ಸ್ಪರ್ಧೆಗಳು ಫೆಬ್ರುವರಿಯಿಂದ ಶುರುವಾಗುತ್ತವೆ ಎಂಬುದನ್ನು ಊಟದ ಮೇಜಿನಲ್ಲಿ ಯಾರಿಗೂ ಅಲ್ಲದಂತೆ ಹೇಳಿದಳು. ಆ ತಂಡಗಳ ಅಂತಿಮ ಸ್ಪರ್ಧೆ ಏಪ್ರಿಲ್‌ನಲ್ಲಿ ಒಹಾಯೊದ ಡೇಟನ್‌ನಲ್ಲಿ ನಡೆಯುತ್ತದೆ. ನಮ್ಮ ಊರಿನ ಹತ್ತಿರದ ತಂಡವೊಂದರಲ್ಲಿ ಸಿಂಬಲ್, ಅಂದರೆ ದೊಡ್ಡ ಕಂಚಿನ ತಾಳ, ನುಡಿಸುವವರ ಜಾಗ ಖಾಲಿಯಿತ್ತು. ಸ್ನೇರ್‌ನವರಿಗೆ ಸಿಂಬಲ್ ಎಂದರೆ ಒಂದು ಮೆಟ್ಟಿಲು ಇಳಿದಂತೆ ಎಂಬ ಭಾವನೆ ಈ ಲೋಕದಲ್ಲಿದೆ. ಅದು ಅನ್ಯಾಯದ ಭಾವನೆ, ಏಕೆಂದರೆ ಪಾದದ ಲೆಕ್ಕ ಅಲ್ಲಿ ಇನ್ನೂ ಕಠಿಣ.

ಡ್ರಮ್ ಕೋರ್‌ಗಳಲ್ಲಿ ವರ್ಲ್ಡ್ ಕ್ಲಾಸ್, ಓಪನ್ ಕ್ಲಾಸ್ ಎಂಬ ದರ್ಜೆಗಳಿವೆ. ಓಪನ್ ಕ್ಲಾಸ್‌ನ ಕೋರ್‌ಗಳು ಸಾಮಾನ್ಯವಾಗಿ ಚಿಕ್ಕವು, ಅವುಗಳ ಪ್ರವಾಸವೂ ಶುಲ್ಕವೂ ಕಡಿಮೆ, ಹಲವರು ಅಲ್ಲಿ ಒಂದೆರಡು ಬೇಸಿಗೆ ಕಳೆದು ಮುಂದಕ್ಕೆ ಹೋಗುತ್ತಾರೆ. ಅಂಥ ಒಂದು ಕೋರ್ ಇನ್ನೂ ವೀಡಿಯೊ ಆಡಿಷನ್ ತೆಗೆದುಕೊಳ್ಳುತ್ತಿರುವುದನ್ನು ಗುರುವಾರ ಸಂಜೆ ಮಗಳೇ ಹುಡುಕಿ ತೆಗೆದಳು. ಫಾರ್ಮಿನಲ್ಲಿ ಸ್ನೇರ್ ಎಂದು ಬರೆದು, ಎರಡನೆಯ ಆಯ್ಕೆಯ ಜಾಗದಲ್ಲಿ ಬೇಸ್ ಎಂದೂ ತುಂಬಿದಳು. ನೆಲಮಾಳಿಗೆಯಲ್ಲಿ ದೀಪ ಹಚ್ಚಿ, ನನ್ನ ಕೈಗೆ ಫೋನು ಕೊಟ್ಟು, ತಲೆಯಿಂದ ಪಾದದವರೆಗೆ ಕಾಣುವಂತೆ ಹಿಡಿಯಬೇಕೆಂದು ಆಜ್ಞಾಪಿಸಿದಳು. ಮೊದಲ ಚಿತ್ರೀಕರಣದಲ್ಲಿ ಬೂಟಿನ ತುದಿ ಕತ್ತರಿಸಿಹೋಗಿತ್ತು, ಆಮೇಲಿನದರಲ್ಲಿ ತೊಳೆಯುವ ಯಂತ್ರ ನೀರು ಬಿಡಲು ಆರಂಭಿಸಿತು. ಮುಂದಿನದಕ್ಕೆ ಮುನ್ನ ಅವಳು ಸ್ಟಿಕ್ಕುಗಳನ್ನು ಕೆಳಗಿಟ್ಟು ಮೆಟ್ಟಿಲು ಹತ್ತಿ ಇಳಿದು ಬಂದಳು. ಏಳು ಮಾತ್ರೆಯ ಭಾಗದಲ್ಲಿ ಒಮ್ಮೆ ಪಾದ ತಪ್ಪಿತು, ಕೈ ನಿಲ್ಲಲಿಲ್ಲ. ಆ ವೀಡಿಯೊವನ್ನೇ ಕಳುಹಿಸಿದಳು. ಉತ್ತರ ಫೆಬ್ರುವರಿಯ ಕೊನೆಗೆ ಬರುತ್ತದೆಂದು ಫಾರ್ಮಿನಲ್ಲಿ ಬರೆದಿದ್ದರು. ಸಿಂಬಲ್ ತಂಡದ ಮೊದಲ ಅಭ್ಯಾಸ ಶನಿವಾರ ಬೆಳಿಗ್ಗೆ ಎಂಟಕ್ಕಿತ್ತು.